ತೊಡೆಯ ಮೇಲೆ ಹಿಡಿಯುವಷ್ಟು

ಕೊಟೇಶನ್ನು ಹನ್ನೊಂದು ಪುಟ.
ಕೊನೆಯದರಲ್ಲಿ ನಾಲ್ಕು ಲಕ್ಷದ ಎಂಬತ್ತು ಸಾವಿರ, ತೆರಿಗೆ ಬೇರೆ.
ಟೈ ಕಟ್ಟಿದ ಹುಡುಗ ಬೆಳಗಿನ ಬಸ್ಸಿಗೆ ಬಂದು
ಸಂತೇಪೇಟೆಯ ನಮ್ಮ ಮಹಡಿ ಹತ್ತಿ
ಕೆಳಗಿನ ಆಲೂಗಡ್ಡೆ ಮಂಡಿಯ ಮಣ್ಣನ್ನು
ಮೆಟ್ಟಿಲಿಗೆ ಬೂಟು ಒರೆಸಿ ಬಿಟ್ಟು
ಬಣ್ಣದ ಚಿತ್ರ ತೋರಿಸಿದ:
"ಎರಡು ಪವರ್ ಸಪ್ಲೈ ಮೇಡಂ. ಒಂದು ಸತ್ತರೆ ಇನ್ನೊಂದು."

ಧರಣೇಂದ್ರಯ್ಯ, ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಕೇಬಲ್ಲಿನ ಸಿಕ್ಕು ಬಿಡಿಸಿ ನಿವೃತ್ತರಾದವರು,
ಕನ್ನಡಕ ತೆಗೆದು ಕೇಳಿದರು:
"ಎರಡಕ್ಕೂ ಕರೆಂಟು ಒಂದೇ ಕಂಬದಿಂದ ತಾನೆ?"

ಹುಡುಗ ನಕ್ಕ. ನಾನೂ ನಕ್ಕೆ.
ಅವರು ನಗಲಿಲ್ಲ.

ಬೇಕಾದ್ದೇನೆಂದು ನಾನು ಬರೆದಿಟ್ಟಿದ್ದೆ
ಟ್ಯೂಷನ್ ಮಕ್ಕಳ ಹಾಜರಿ ಪುಸ್ತಕದ ಹಿಂದೆ:
ಮೂವತ್ತು ಫೋನ್ ಲೈನು, ಮೂವತ್ತು ಮೋಡೆಮ್ಮು,
ಹೊರಕ್ಕೆ ಒಂದೇ ಒಂದು ಅರವತ್ನಾಲ್ಕರ ಕೊಳವೆ.
ಅಷ್ಟು ಸಣ್ಣ ಗಂಟಲಿಗೆ
ಎಷ್ಟು ದೊಡ್ಡ ಹೊಟ್ಟೆ?
ಹೆಸರು ಕೇಳಿ, ಗುಟ್ಟಿನ ಪದ ನೋಡಿ, ಬಾಗಿಲು ತೆಗೆದು
ಎಷ್ಟು ನಿಮಿಷ ಕೂತರೆಂದು ಗೀಟು ಹಾಕಲು
ಒಬ್ಬ ಲಾಡ್ಜ್ ಗುಮಾಸ್ತ ಸಾಕು.
ಅವನಿಗೆ ನಿದ್ದೆ ಬರಬಾರದು, ಅಷ್ಟೆ.

ಸಾಲಗಾಮೆ ರಸ್ತೆಯಲ್ಲಿ ದೊಡ್ಡ ಬಿಳಿ ತಟ್ಟೆಗಳಿವೆ,
ಅಲ್ಲಿ ಕೂತವರು ಆಕಾಶದಲ್ಲಿ ಉಪಗ್ರಹ ಹೊರಳಿಸುತ್ತಾರೆ.
ಇಲ್ಲಿ ನಾಲ್ಕು ಹನಿ ಬಿದ್ದರೆ
ಡಯಲ್ ಟೋನಿಗೆ ಗೊರಕೆ.
ಎರಡೂ ಹಾಸನವೇ.

"ಕೆಟ್ಟರೆ?" ಅಂದ ಅಕ್ಮಲ್.
"ನಾಲ್ಕು ಗಂಟೆಯೊಳಗೆ ಇಂಜಿನಿಯರ್ ಬಂದಿರ್ತಾರೆ ಸಾರ್."
"ಎಲ್ಲಿಗೆ?"
ಒಂಬತ್ತನೇ ಪುಟದ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಕ್ಕೆ:
ಬೆಂಗಳೂರು ನಗರ ಮಿತಿಯೊಳಗೆ.

ಎಸ್‌ಟಿಡಿ ಬೂತಿನ ಮೀಟರು ಕೆಟ್ಟಾಗಲೆಲ್ಲ
ಕುಣಿಗಲ್ಲು, ಚನ್ನರಾಯಪಟ್ಟಣ ದಾಟಿ ರಾತ್ರಿ ಬಸ್ಸಲ್ಲಿ
ಬಿಡಿಭಾಗ ಹೊತ್ತು ತಂದವನು ಅಕ್ಮಲ್.
ಕುರ್ಚಿಯಲ್ಲಿ ಮಂಡಿ ಜೋಡಿಸಿ ಕೂತು
ಎರಡು ಅಂಗೈ ಅಗಲಿಸಿ ತೋರಿಸಿದ:
"ಡಿಕ್ಕಿಗೆ ಹಾಕಿದರೆ ಕುಲುಕಿ ಸಾಯ್ತದೆ ಮೇಡಂ.
ತೊಡೆ ಮೇಲೆ ಹಿಡಿಯುವಷ್ಟಿರಲಿ."
ನಾನು ಟೇಪು ಹಿಡಿದು ಅಳೆದೆ.
ಹದಿನೆಂಟು ಅಂಗುಲ.
ಹಾಜರಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆ,
ಪ್ರೊಸೆಸರಿಗಿಂತ ಮೇಲಿನ ಸಾಲಿನಲ್ಲಿ.

ಮಂಡಿಯ ಮೊಗಣ್ಣಗೌಡರು ಬಾಡಿಗೆಗೆ ಬಂದವರು
ಮೋಡೆಮ್ಮಿನ ಗೋಪುರ ಮುಟ್ಟಿ ಕೈ ಹಿಂದೆಗೆದರು.
"ಒಂದರ ಕಾವು ಇನ್ನೊಂದಕ್ಕೆ ತಾಗಬಾರದು ಕಣವ್ವ,
ಬಿತ್ತನೆಗಡ್ಡೆ ಆದ್ರೆ ಇಷ್ಟೊತ್ತಿಗೆ ಕೊಳೆತಿರೋದು."
ಸಂಜೆ ಆಳಿನ ಕೈಲಿ ಐದು ಹಲಗೆ ಕ್ರೇಟು ಕಳಿಸಿದರು.
ಒಂದೊಂದರಲ್ಲಿ ಆರಾರು, ನಡುವೆ ಎರಡು ಬೆರಳು ಗಾಳಿ.

ಹುಡುಗನಿಗೆ ಕಾಫಿ ಕುಡಿಸಿ ಕಳಿಸಿದೆವು.

ಎಸ್.ಪಿ. ರಸ್ತೆಯಿಂದ ಎರಡು ಡಬ್ಬ ಬಂದವು,
ಮೂರನೆಯದಕ್ಕೆ ಆಗುವಷ್ಟು ಬಿಡಿ ಸಾಮಾನು.
ಎರಡಕ್ಕೂ ಒಂದೇ ಬೋರ್ಡು, ಒಂದೇ ಜಾತಿ ಡಿಸ್ಕು.
ಒಂದು ಬಾಗಿಲು ಕಾಯುತ್ತದೆ, ಒಂದು ಟಪಾಲು ನೋಡುತ್ತದೆ.
ರಾತ್ರಿ ಎರಡು ಗಂಟೆಗೆ
ಊರಿಗೆ ಹೋಗುವವರು ಪಕ್ಕದ ಮನೆಗೆ ಬೀಗದ ಕೈ ಕೊಟ್ಟಂತೆ
ಒಂದರದ್ದೆಲ್ಲ ಇನ್ನೊಂದಕ್ಕೆ ಕೊಟ್ಟುಕೊಳ್ಳುತ್ತವೆ.

ಉಳಿದ ದುಡ್ಡು ಬ್ಯಾಟರಿಗೆ ಹೋಯಿತು.
ಆಮೇಲೂ ಉಳಿದದ್ದನ್ನು ಧರಣೇಂದ್ರಯ್ಯ
ಹಿತ್ತಲಲ್ಲಿ ಹೂಳಿಸಿದರು:
ಆಳೆತ್ತರದ ಗುಂಡಿ, ತಾಮ್ರದ ಪಟ್ಟಿ,
ಇದ್ದಿಲು ಒಂದು ವರಸೆ, ಉಪ್ಪು ಒಂದು ವರಸೆ.
"ಸಿಡಿಲಿಗೆ ಇಳಿಯೋಕೆ ದಾರಿ ಬೇಕು.
ನೆಲ ಒಣಗಿದರೆ ಅದು ನಿಮ್ಮ ಡಬ್ಬದಲ್ಲೇ ಇಳೀತದೆ.
ದಿನಕ್ಕೊಂದು ಕೊಡ ನೀರು, ಮರೀಬೇಡಿ."

ಮರೆತಿಲ್ಲ.
ಮೇಲೆ ಲೈನು ಹಿಡಿಯುವ ಕೀಚಲು, ಉಸ್ಸೆನ್ನುವ ಸದ್ದು ಏಳುವ ಹೊತ್ತಿಗೆ
ಕೊಡ ಹಿಡಿದು ಹಿತ್ತಲಿಗೆ ಇಳಿಯುತ್ತೇನೆ.
ಗೌಡರ ಹೆಂಡತಿ ದಿನಾ ನೋಡುತ್ತಿದ್ದವರು
ಮೊನ್ನೆ ಬೇಲಿಯಾಚೆಯಿಂದ ಕೇಳಿದರು:
"ಅಲ್ಲೇನು ಹಾಕಿದೀರವ್ವ?
ಇನ್ನೂ ಮೊಳಕೇನೇ ಬಂದಿಲ್ವಲ್ಲ."